ದೀಕ್ಷಾತೊಟ್ಟಿಯ ನೀರು, ಬೀದಿನಲ್ಲಿಯ ನೀರು

ಮೂಡಲಪಾಳ್ಯದ ಒಂದು ಬಾಡಿಗೆ ಮನೆಯನ್ನು ಆಶೀರ್ವದಿಸಲು ಹೋದಾಗ ನಾವು ವಾಡಿಕೆಯಂತೆ ಒಂದು ಚೊಂಬು ನೀರು ಕೇಳಿದೆವು. ಮನೆಯಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಫಾದರ್, ಕ್ಯಾನ್ ನೀರು ತರ್ಲಾ, ಇಲ್ಲಾ ಸಂಪಿನ ನೀರು ಸಾಕಾ?" ಎಂದರು. ಸಂಸ್ಕಾರಗಳ ದೈವಶಾಸ್ತ್ರವನ್ನು ಬೋಧಿಸುವ ನಮಗೆ ಆ ಪ್ರಶ್ನೆಗೆ ಉತ್ತರ ನಾಲಗೆಯ ತುದಿಯಲ್ಲಿರಬೇಕಿತ್ತು, ಇರಲಿಲ್ಲ. "ಯಾವುದಾದರೂ ಆದೀತಮ್ಮ" ಎಂದು ತೇಲಿಸಿದೆವು. ಆಕೆ ಕ್ಯಾನ್ ನೀರನ್ನೇ ತಂದರು. ದೇವರ ಕಾರ್ಯಕ್ಕೆ ಮನೆಯಲ್ಲಿರುವ ಒಳ್ಳೆಯದನ್ನೇ ಕೊಡಬೇಕೆಂಬ ಭಾವ ಅದರಲ್ಲಿತ್ತು. ಆ ನೀರಿಗೆ ಆಕೆ ಹಣ ಕೊಟ್ಟಿದ್ದರು, ಕ್ಯಾನನ್ನು ಮೂರನೆಯ ಮಹಡಿಗೆ ಹೊತ್ತು ತಂದಿದ್ದರು. ನಾವು ಅದನ್ನು ಗೋಡೆಗಳಿಗೆ, ಹಾಸಿಗೆಗಳಿಗೆ, ಮಕ್ಕಳ ಪುಸ್ತಕಗಳಿಗೆ ಚಿಮುಕಿಸಿ ಬಂದೆವು.

ಪಶ್ಚಿಮ ಬೆಂಗಳೂರಿನ ಮನೆಗಳಲ್ಲಿ ಇಂದು ನೀರಿಗೂ ಜಾತಿಗಳು ಹುಟ್ಟಿಕೊಂಡಿವೆ: ಕಾವೇರಿ ನೀರು, ಬೋರ್ ನೀರು, ಟ್ಯಾಂಕರ್ ನೀರು, ಕ್ಯಾನ್ ನೀರು. ಕುಡಿಯಲು ಒಂದು, ಪಾತ್ರೆಗೆ ಒಂದು, ಬಟ್ಟೆಗೆ ಒಂದು. ಇವುಗಳಲ್ಲಿ ದೇವರಿಗೆ ಯಾವುದು ಎಂಬುದೇ ಆ ತಾಯಿಯ ಪ್ರಶ್ನೆಯಾಗಿತ್ತು. ಅದನ್ನು ಗಂಭೀರವಾಗಿ ತೆಗೆದುಕೊಂಡರೆ ದೀಕ್ಷಾಸ್ನಾನದ ತೊಟ್ಟಿಯಿಂದ ವೃಷಭಾವತಿಯ ಕಾಲುವೆಯವರೆಗೆ ನಡೆದುಹೋಗಬೇಕಾಗುತ್ತದೆ. ಈ ಲೇಖನದಲ್ಲಿ ನಾವು ಆ ದಾರಿಯನ್ನು ತುಳಿಯಲು ಯತ್ನಿಸಿದ್ದೇವೆ.

ಮೊದಲು ಶಾಸ್ತ್ರದ ಉತ್ತರವನ್ನು ನೋಡೋಣ. ಸುಮಾರು ಕ್ರಿ.ಶ. 200ರಲ್ಲಿ ದೀಕ್ಷಾಸ್ನಾನದ ಬಗ್ಗೆ ಗ್ರಂಥ ಬರೆದ ಕಾರ್ತೇಜಿನ ತೆರ್ತುಲಿಯನ್, ಸಮುದ್ರದಲ್ಲಿ ಮಿಂದರೂ ಕೊಳದಲ್ಲಿ ಮಿಂದರೂ, ಹೊಳೆಯಲ್ಲಾದರೂ ತೊಟ್ಟಿಯಲ್ಲಾದರೂ ಭೇದವಿಲ್ಲವೆಂದು ಹೇಳಿದ್ದಾನೆ. ಸ್ನಾನಿಕ ಯೊವಾನ್ನನು ಜೋರ್ಡನಿನಲ್ಲಿ ದೀಕ್ಷೆ ಕೊಟ್ಟವರಿಗೂ ಪೇತ್ರನು ಟೈಬರ್ ನದಿಯಲ್ಲಿ ದೀಕ್ಷೆ ಕೊಟ್ಟವರಿಗೂ ನೀರಿನ ದೃಷ್ಟಿಯಿಂದ ಹೆಚ್ಚುಕಡಿಮೆಯಿಲ್ಲ. ಇದಕ್ಕೂ ಹಿಂದೆ, ಎರಡನೆಯ ಶತಮಾನದ ಆರಂಭದಲ್ಲಿ, ಅಂತಿಯೋಕ್ಯದ ಸಂತ ಇಗ್ನಾಸಿಯವರು ಎಫೆಸದವರಿಗೆ ಬರೆದ ಪತ್ರದಲ್ಲಿ ಕ್ರಿಸ್ತರು ದೀಕ್ಷಾಸ್ನಾನ ಪಡೆದದ್ದು ತಮ್ಮ ಪಾಡಿನ ಮೂಲಕ ನೀರನ್ನು ಶುದ್ಧಗೊಳಿಸುವುದಕ್ಕಾಗಿ ಎಂದಿದ್ದಾರೆ. ಪ್ರಭುವಿನ ದೀಕ್ಷಾಸ್ನಾನದ ಹಬ್ಬದಂದು ಧರ್ಮಸಭೆ ಧ್ಯಾನಿಸುವ ರಹಸ್ಯದಲ್ಲಿ ಇದೂ ಸೇರಿದೆ: ಪ್ರಭು ಒಂದು ನದಿಗೆ ಇಳಿದರು, ಅದರಿಂದ ಎಲ್ಲ ನೀರೂ ಮುಟ್ಟಿಸಿಕೊಂಡಿತು. ಆದ್ದರಿಂದ ಸಂಪಿನ ನೀರಿಗೂ ಕ್ಯಾನಿನ ನೀರಿಗೂ ಬಲಿಪೀಠದ ಮುಂದೆ ತಾರತಮ್ಯವಿಲ್ಲ. ನಾಮಾನನು ದಮಸ್ಕದ ನದಿಗಳೇ ಮೇಲೆಂದು ಮುನಿಸಿಕೊಂಡ ಕಥೆ ನಮಗೆ ಗೊತ್ತಿರುವುದೇ.

ನಮ್ಮ ಕನ್ನಡದ ಹಳೆಯ ಕಥೋಲಿಕರು ಮಂತ್ರಿಸಿದ ನೀರನ್ನು 'ತೀರ್ಥ' ಎಂದೇ ಕರೆಯುತ್ತಾರೆ. ಕೆಲವು ಗುರುಗಳು ಈ ಪದಕ್ಕೆ ಹಿಂಜರಿದು 'ಪವಿತ್ರ ಜಲ' ಎನ್ನುತ್ತಾರೆ. ನಮಗೆ ಹಳೆಯ ಪದವೇ ಇಷ್ಟ. ತೀರ್ಥ ಎಂದರೆ ಮೂಲದಲ್ಲಿ ದಾಟುವ ಸ್ಥಳ, ಹೊಳೆಯನ್ನು ಕಾಲ್ನಡಿಗೆಯಲ್ಲಿ ದಾಟಬಹುದಾದ ಕಡವು. ಇಸ್ರಯೇಲರು ಕೆಂಪು ಸಮುದ್ರವನ್ನು ದಾಟಿದರು, ಯೆಹೋಶುವನ ಕಾಲದಲ್ಲಿ ಜೋರ್ಡನನ್ನು ದಾಟಿದರು. ಪಾಸ್ಖ ಎಂಬುದರ ತಿರುಳೇ ದಾಟುವಿಕೆ. ದೇವಾಲಯದ ಬಾಗಿಲಲ್ಲಿ ಬೆರಳನ್ನು ನೀರಿಗೆ ಅದ್ದಿ ಶಿಲುಬೆಯ ಗುರುತು ಹಾಕಿಕೊಳ್ಳುವ ಅಜ್ಜಿ ಅರಿತೋ ಅರಿಯದೆಯೋ ತನ್ನ ದೀಕ್ಷಾಸ್ನಾನದ ಕಡವನ್ನು ಮತ್ತೊಮ್ಮೆ ದಾಟುತ್ತಾಳೆ. 2020ರ ಮಾರ್ಚಿನಲ್ಲಿ ಸೋಂಕಿನ ಭಯದಿಂದ ನಮ್ಮ ಬಾಗಿಲುಗಳ ತೀರ್ಥದ ಬಟ್ಟಲುಗಳು ಒಣಗಿದಾಗ ಜನರ ಕೈ ಅಭ್ಯಾಸಬಲದಿಂದ ಖಾಲಿ ಬಟ್ಟಲಿನತ್ತ ಹೋಗುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ.

ಇಲ್ಲಿ ಮೂಡಲಪಾಳ್ಯದ ಹೆಸರಿನ ಬಗ್ಗೆ ಒಂದು ಮಾತು. ನಗರದ ಪಡುವಣ ದಿಕ್ಕಿನಲ್ಲಿದ್ದೂ ಹೆಸರಿನಲ್ಲಿ ಮೂಡಲನ್ನು ಉಳಿಸಿಕೊಂಡ ಊರು ಇದು. ನಾಲ್ಕನೆಯ ಶತಮಾನದ ಜೆರುಸಲೇಮಿನಲ್ಲಿ ದೀಕ್ಷಾರ್ಥಿಗಳು ಮೊದಲು ಪಡುವಣಕ್ಕೆ ಮುಖಮಾಡಿ ಕೈಚಾಚಿ ಸೈತಾನನನ್ನು ನಿರಾಕರಿಸಿ, ಅನಂತರ ಬೆಳಕು ಹುಟ್ಟುವ ಮೂಡಣಕ್ಕೆ ತಿರುಗಿ ವಿಶ್ವಾಸವನ್ನು ಘೋಷಿಸುತ್ತಿದ್ದರೆಂದು ಸಂತ ಸಿರಿಲರ ಹೆಸರಿನ ಉಪದೇಶಗಳಿಂದ ತಿಳಿಯುತ್ತದೆ. ಆ ಬಳಿಕವೇ ಅವರು ನೀರಿಗೆ ಇಳಿಯುತ್ತಿದ್ದುದು. ಈ ಉಪದೇಶವನ್ನು ತರಗತಿಯಲ್ಲಿ ಓದಿಸುವಾಗಲೆಲ್ಲ ನಮಗೆ ಈ ಬಡಾವಣೆ ನೆನಪಾಗುತ್ತದೆ.

ದ್ರವ್ಯದ ಸೌಲಭ್ಯ

ದೀಕ್ಷಾಸ್ನಾನಕ್ಕೆ ನೀರೇ ಏಕೆ ಎಂಬ ಪ್ರಶ್ನೆಯನ್ನು ಸಂತ ಥಾಮಸ್ ಅಕ್ವಿನಾಸರು 'ಸುಮ್ಮಾ ಥಿಯೊಲಾಜಿಯಾ'ದ ಮೂರನೆಯ ಭಾಗದ 66ನೆಯ ಪ್ರಶ್ನೆಯಲ್ಲಿ ಎತ್ತಿಕೊಂಡಿದ್ದಾರೆ. ಮೊದಲನೆಯದಾಗಿ ಇದು ಕ್ರಿಸ್ತರ ಸ್ಥಾಪನೆ. ಬೇರೆ ಕಾರಣಗಳೆಲ್ಲ ಆ ಸ್ಥಾಪನೆಯ ಔಚಿತ್ಯವನ್ನು ತೋರಿಸುವಂಥವು. ನೀರು ಹುಟ್ಟಿಗೆ ಕಾರಣವಾದದ್ದು, ಆದ್ದರಿಂದ ಪುನರ್ಜನ್ಮಕ್ಕೆ ತಕ್ಕದ್ದು. ಅದು ತೊಳೆಯುತ್ತದೆ, ತಂಪು ನೀಡುತ್ತದೆ. ಅದು ಪಾರದರ್ಶಕ, ಬೆಳಕನ್ನು ತನ್ನೊಳಗೆ ಬಿಟ್ಟುಕೊಳ್ಳುತ್ತದೆ, ವಿಶ್ವಾಸಕ್ಕೆ ಒಪ್ಪುತ್ತದೆ. ಅದರಲ್ಲಿ ಮುಳುಗಿ ಏಳುವುದು ಕ್ರಿಸ್ತರ ಸಾವು, ಸಮಾಧಿ, ಪುನರುತ್ಥಾನಗಳನ್ನು ಸೂಚಿಸುತ್ತದೆ. ಗುರು ಅಭ್ಯರ್ಥಿಗಳು ಈ ಕಾರಣಗಳನ್ನು ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯುತ್ತಾರೆ. ಆದರೆ ಅಕ್ವಿನಾಸರು ಹೇಳುವ ಕೊನೆಯ ಕಾರಣವನ್ನು ಹೆಚ್ಚಿನವರು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ: ರಕ್ಷಣೆಗೆ ಅವಶ್ಯವಾದ ಈ ಸಂಸ್ಕಾರಕ್ಕೆ ಎಲ್ಲೆಡೆ ಧಾರಾಳವಾಗಿ, ಸುಲಭವಾಗಿ ದೊರೆಯುವ ದ್ರವ್ಯವೇ ಉಚಿತ, ನೀರು ಅಂಥದ್ದು.

ಈ ಕಾರಣವನ್ನು ನಾವು ಇಷ್ಟು ವರ್ಷ ಪಾಠ ಮಾಡಿದ್ದೆವು, ಆದರೆ ಅದು ನಮ್ಮನ್ನು ತಡೆದು ನಿಲ್ಲಿಸಿದ್ದು 2024ರ ತಪಸ್ಸುಕಾಲದಲ್ಲಿ. ಅದಕ್ಕೆ ಮುಂಚೆ ಒಂದು ಹಿನ್ನೋಟ ಅಗತ್ಯ. ನೀರು ಸಿಗದ ಪರಿಸ್ಥಿತಿಯನ್ನು ಧರ್ಮಸಭೆ ಆದಿಯಿಂದಲೂ ಎದುರಿಸಿದೆ. ಮೊದಲನೆಯ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭಕ್ಕೆ ಸೇರಿದ 'ದಿದಾಖೆ'ಯ ಏಳನೆಯ ಅಧ್ಯಾಯ ಇದಕ್ಕೆ ಸಾಕ್ಷಿ. ಹರಿಯುವ ಜೀವಜಲದಲ್ಲಿ ದೀಕ್ಷೆ ಕೊಡಬೇಕು. ಅದಿಲ್ಲದಿದ್ದರೆ ಬೇರೆ ನೀರು. ತಣ್ಣೀರು ಆಗದಿದ್ದರೆ ಬಿಸಿನೀರು. ಎರಡೂ ಸಾಕಷ್ಟಿಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿದರೂ ಆಯಿತು. ಇಂದು ನಾವು ಸಹಜವೆಂದು ಭಾವಿಸಿರುವ 'ಸುರಿಯುವ' ಕ್ರಮ ಮೂಲತಃ ಬರಗಾಲದ ಕ್ರಮ. ಪೂರ್ಣತೆಯಿಂದ ಆರಂಭಿಸಿ ಇಲ್ಲದವರಿಗಾಗಿ ಇಳಿದು ಬರುವ ಸಭೆಯನ್ನು ನಾವಲ್ಲಿ ಕಾಣುತ್ತೇವೆ. ನಾವಾದರೋ ಕನಿಷ್ಠದಿಂದಲೇ ಆರಂಭಿಸುತ್ತೇವೆ.

ಇಳಿಯುವುದಕ್ಕೂ ಒಂದು ಮಿತಿಯಿತ್ತು. ನಾರ್ವೆಯಲ್ಲಿ ನೀರಿನ ಅಭಾವದಿಂದ ಕೆಲವೊಮ್ಮೆ ಶಿಶುಗಳಿಗೆ ಬಿಯರಿನಲ್ಲಿ ದೀಕ್ಷೆ ಕೊಡಲಾಗುತ್ತಿದೆಯೆಂದು ನಿದರೋಸಿನ ಮಹಾಧರ್ಮಾಧ್ಯಕ್ಷರು ಬರೆದಾಗ, 1241ರಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿಯವರು ಅದು ಸಿಂಧುವಲ್ಲ ಎಂದು ಉತ್ತರಿಸಿದರು. ನೀರಿನಿಂದಲೂ ಪವಿತ್ರಾತ್ಮರಿಂದಲೂ ಹುಟ್ಟಬೇಕೆಂದು ಪ್ರಭು ನಿಕೊದೇಮನಿಗೆ ಹೇಳಿದ್ದರಿಂದ ಬೇರೆ ದ್ರವಕ್ಕೆ ಅಲ್ಲಿ ಎಡೆಯಿಲ್ಲ. ಇಂದಿನ ಧರ್ಮಸಭೆಯ ಕಾನೂನು ಸಂಹಿತೆಯ 849ನೆಯ ವಿಧಿಯೂ ನಿಜವಾದ ನೀರನ್ನೇ ಬೇಡುತ್ತದೆ. ತುರ್ತಿನಲ್ಲಿ ಯಾರೇ ಆದರೂ ದೀಕ್ಷೆ ಕೊಡಬಹುದೆಂಬುದು 861ನೆಯ ವಿಧಿ. ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಸಭೆಯ ಮನಸ್ಸು ತಿಳಿಯುತ್ತದೆ. ಗುರು ಸಿಗದಿರಬಹುದು, ದೇವಾಲಯ ಸಿಗದಿರಬಹುದು, ಆಶೀರ್ವದಿಸಿದ ನೀರೂ ಸಿಗದಿರಬಹುದು. ನೀರು ಮಾತ್ರ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆಂಬ ಭರವಸೆಯ ಮೇಲೆ ಈ ಸಂಸ್ಕಾರದ ಸಾರ್ವತ್ರಿಕತೆ ನಿಂತಿದೆ.

ಒಣಗಿದ ತಪಸ್ಸುಕಾಲ

ಬೆಂಗಳೂರು ನದಿಯ ದಡದ ನಗರವಲ್ಲ. ಕೆರೆಗಳನ್ನು ಕಟ್ಟಿಕೊಂಡು ಬದುಕಿದ ಊರು. ಧರ್ಮಾಂಬುಧಿ ಕೆರೆಯಿದ್ದೆಡೆ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಿದ್ದೆಡೆ ಕಂಠೀರವ ಕ್ರೀಡಾಂಗಣ. 1890ರ ದಶಕದಲ್ಲಿ ಹೆಸರಘಟ್ಟದಿಂದಲೂ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಅರ್ಕಾವತಿಯ ನೀರು ಬಂತು. 1974ರಿಂದ ಕಾವೇರಿ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು, ಹಂತಹಂತವಾಗಿ ಪಂಪುಗಳಿಂದ ಏರಿಸಲ್ಪಟ್ಟು ಬರುವ ನೀರು ಅದು. ನಮ್ಮ ದೀಕ್ಷಾತೊಟ್ಟಿಯನ್ನು ತುಂಬುವುದೂ ಅದೇ. ತೊಟ್ಟಿಗೆ ಬೀಳುವ ಪ್ರತಿ ಹನಿಯೂ ಬೆಟ್ಟ ಹತ್ತಿ ಬಂದಿದೆ.

2023ರಲ್ಲಿ ಮಳೆ ಕೈಕೊಟ್ಟಿತು. 2024ರ ಬೇಸಿಗೆಯ ಹೊತ್ತಿಗೆ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದ್ದವು. ಮಾರ್ಚಿನಲ್ಲಿ ಜಲಮಂಡಳಿಯು ವಾಹನ ತೊಳೆಯುವುದಕ್ಕೆ, ಕೈತೋಟಕ್ಕೆ, ಕಾರಂಜಿಗೆ ಕುಡಿಯುವ ನೀರನ್ನು ಬಳಸಕೂಡದೆಂದು ಆದೇಶಿಸಿ 5,000 ರೂಪಾಯಿ ದಂಡ ನಿಗದಿಮಾಡಿತು. ಶುದ್ಧ ನೀರಿನ ಘಟಕಗಳ ಮುಂದೆ ಕ್ಯಾನುಗಳ ಸಾಲು ಬೆಳೆಯಿತು. ಆ ವರ್ಷ ಬೂದಿ ಬುಧವಾರ ಫೆಬ್ರವರಿ 14ಕ್ಕೆ, ಪವಿತ್ರ ಗುರುವಾರ ಮಾರ್ಚ್ 28ಕ್ಕೆ, ಪಾಸ್ಖ ಮಾರ್ಚ್ 31ಕ್ಕೆ ಬಂದಿತ್ತು. ಅಂದರೆ ಧರ್ಮಸಭೆಯ ವರ್ಷದಲ್ಲಿ ನೀರು ಅತಿ ಹೆಚ್ಚು ಮಾತನಾಡುವ ವಾರ, ನಗರದಲ್ಲಿ ನೀರು ಅತಿ ಕಡಿಮೆ ಇದ್ದ ವಾರವೇ ಆಯಿತು.

ಆಗ ನಾವು ವಾರಾಂತ್ಯಗಳಲ್ಲಿ ನೆರವಾಗುತ್ತಿದ್ದ ಒಂದು ಧರ್ಮಕೇಂದ್ರದಲ್ಲಿ ಪವಿತ್ರ ವಾರದ ಸಿದ್ಧತೆಗಾಗಿ ಸಭೆ ಸೇರಿತ್ತು. ಪಾದ ತೊಳೆಯುವ ವಿಧಿಯನ್ನು ಈ ಸಲ ಕೈಬಿಡೋಣವೇ ಎಂದು ಒಬ್ಬರು ಕೇಳಿದರು. ವಿಧಿ ಐಚ್ಛಿಕವಾದುದು, ಬಿಡಬಹುದು. ಒದ್ದೆ ಬಟ್ಟೆಯಿಂದ ಪಾದಗಳನ್ನು ಒರೆಸಿದರೆ ಸಾಲದೇ ಎಂದು ಇನ್ನೊಬ್ಬರು. ಜನರು ನೀರಿಗಾಗಿ ಪರದಾಡುತ್ತಿರುವಾಗ ಬಲಿಪೀಠದ ಮುಂದೆ ನೀರು ಸುರಿಯುವುದು ದುಂದಾಗಿ ಕಾಣುತ್ತದೆಂದು ನಾವೂ ದನಿಗೂಡಿಸಿದೆವು. ದೀಕ್ಷಾತೊಟ್ಟಿಯ ಬದಲು ಒಂದು ಸಣ್ಣ ಪಾತ್ರೆ ಸಾಕೆಂದೂ ಸೇರಿಸಿದೆವು. ಸಿಂಧುತ್ವಕ್ಕೆ ಹರಿಯುವಷ್ಟು ನೀರಿದ್ದರೆ ಸಾಕು ಎಂಬ ಪಾಠ ನಮ್ಮ ಬಾಯಲ್ಲಿ ಸಿದ್ಧವಾಗಿತ್ತು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಹೆಂಗಸೊಬ್ಬರು ಎದ್ದು, "ಮನೇಲಿ ಎಷ್ಟೇ ನೀರಿಲ್ಲಾಂದ್ರೂ ಬಂದೋರಿಗೆ ಒಂದು ಲೋಟ ಕೊಡ್ದೆ ಕಳಿಸ್ತೀವಾ ಫಾದರ್? ನಾವು ಒಂದೊಂದು ಚೊಂಬು ತರ್ತೀವಿ" ಎಂದರು. ಸಭೆ ಅಲ್ಲಿಗೆ ಮುಗಿಯಿತು. ಗುರುವಾರ ಸಂಜೆ ಜನ ತಂಬಿಗೆಗಳಲ್ಲಿ, ಬಾಟಲಿಗಳಲ್ಲಿ ತಂದ ನೀರಿನಿಂದಲೇ ಹನ್ನೆರಡು ಮಂದಿಯ ಪಾದಗಳನ್ನು ತೊಳೆಯಲಾಯಿತು. ಬೋಗುಣಿಯಲ್ಲಿ ಕೂಡಿದ ನೀರನ್ನು ಹಿತ್ತಲಿನ ನುಗ್ಗೆಯ ಮರಕ್ಕೆ ಹೊಯ್ದರು. ಶನಿವಾರ ರಾತ್ರಿಯ ಜಾಗರಣೆಗೂ ಹಾಗೆಯೇ ತೊಟ್ಟಿ ತುಂಬಿತು. ಆ ತೊಟ್ಟಿಯಲ್ಲಿ ಕಾವೇರಿ, ಬೋರ್, ಟ್ಯಾಂಕರ್, ಕ್ಯಾನ್ ಎಲ್ಲವೂ ಬೆರೆತಿದ್ದವು.

ನಮ್ಮ ತಪ್ಪು ಎಲ್ಲಿತ್ತು? ಕಾನೂನಿನ ದೃಷ್ಟಿಯಿಂದ ನಾವು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಸಿಂಧುತ್ವವು ಸಂಸ್ಕಾರದ ನೆಲಗಟ್ಟು ಮಾತ್ರ. ಕನಿಷ್ಠವೆಷ್ಟು ಎಂದು ಸದಾ ಅಳೆಯುವ ಗುರುವು ನಿಧಾನವಾಗಿ ಸಂಕೇತವನ್ನೇ ಕ್ಷೀಣಗೊಳಿಸುತ್ತಾನೆ. ಕೊನೆಗೆ ಶಿಶುವಿನ ಹಣೆಯ ಮೇಲೆ ಒದ್ದೆ ಬೆರಳು ಆಡಿಸಿದ್ದನ್ನೇ ಜನ ಸ್ನಾನವೆಂದು ನಂಬಬೇಕಾಗುತ್ತದೆ. ಜೊತೆಗೆ, ಮಿತವ್ಯಯವೆಂಬ ಹೆಸರಿನಲ್ಲಿ ನಾವು ಮಾಡಹೊರಟದ್ದು ವಿಚಿತ್ರವಾಗಿತ್ತು. ಅದೇ ಆವರಣದಲ್ಲಿ ವಾಹನಗಳಿಗೂ ನೆಲಕ್ಕೂ ವರ್ಷವಿಡೀ ಪೈಪು ಹಿಡಿದು ನೀರು ಹೊಯ್ದವರು ನಾವೇ. ಉಳಿತಾಯದ ನೆನಪು ಬಂದದ್ದು ಬಡವರ ಪಾದ ತೊಳೆಯುವ ಹೊತ್ತಿಗೆ.

ಯಾರ ಬೆವರಿನ ನೀರು

ಈ ಚೊಂಬುಗಳ ನೀರು ನಮಗೆ ದಾವೀದನ ಪ್ರಸಂಗವನ್ನು ನೆನಪಿಸಿತು. ಬೆತ್ಲೆಹೇಮಿನ ಬಾಗಿಲ ಬಳಿಯ ಬಾವಿಯ ನೀರಿಗಾಗಿ ಅವನು ಹಂಬಲಿಸಿದಾಗ ಮೂವರು ವೀರರು ಫಿಲಿಷ್ಟಿಯರ ಪಾಳೆಯವನ್ನು ಭೇದಿಸಿ ಅದನ್ನು ಸೇದಿ ತಂದರು. ದಾವೀದನು ಅದನ್ನು ಕುಡಿಯಲಿಲ್ಲ. ಪ್ರಾಣವನ್ನು ಪಣವಿಟ್ಟು ತಂದವರ ರಕ್ತವೇ ಅದರಲ್ಲಿ ಅವನಿಗೆ ಕಂಡಿತು. ಅದನ್ನು ಸರ್ವೇಶ್ವರನಿಗೆ ಹೊಯ್ದುಬಿಟ್ಟ (2 ಸಮುವೇಲ 23). ನೀರನ್ನು ನೋಡಿದಾಗ ಅದನ್ನು ತಂದವರನ್ನೂ ನೋಡುವ ಕಣ್ಣು ಅವನಿಗಿತ್ತು. ನಮ್ಮ ನಗರದಲ್ಲಿ ನೀರಿನ ಸಾಲಿನಲ್ಲಿ ನಿಲ್ಲುವವರು ಬಹುಮಟ್ಟಿಗೆ ಹೆಂಗಸರು ಮತ್ತು ಮಕ್ಕಳು. ನಾವು ಬಳಸಿ ಬಿಟ್ಟ ನೀರಿನ ಗುಂಡಿಗಳಿಗೆ ಇಳಿಯುವವರು ಇನ್ನೂ ಇದ್ದಾರೆ, 2013ರ ಕಾಯ್ದೆ ಅದನ್ನು ನಿಷೇಧಿಸಿದ್ದರೂ. ಕಾಣಿಕೆಯ ಹೊತ್ತಿಗೆ ಪೂಜಾಪಾತ್ರೆಯ ದ್ರಾಕ್ಷಾರಸಕ್ಕೆ ಒಂದು ಹನಿ ನೀರು ಬೆರೆಸುವಾಗ ಇವರೆಲ್ಲರೂ ಆ ಹನಿಯಲ್ಲಿ ಇರುತ್ತಾರೆ. ಇದು ನಮ್ಮ ಕಲ್ಪನೆಯಲ್ಲ; ಮೂರನೆಯ ಶತಮಾನದ ಸಂತ ಸಿಪ್ರಿಯಾನರು ತಮ್ಮ 63ನೆಯ ಪತ್ರದಲ್ಲಿ ದ್ರಾಕ್ಷಾರಸವು ಕ್ರಿಸ್ತರನ್ನೂ ನೀರು ಜನರನ್ನೂ ಸೂಚಿಸುತ್ತದೆಂದೂ, ಬೆರೆತ ಮೇಲೆ ಅವೆರಡನ್ನೂ ಬೇರ್ಪಡಿಸಲಾಗದೆಂದೂ ವಿವರಿಸಿದ್ದಾರೆ. ಟ್ರೆಂಟ್ ವಿಶ್ವಸಭೆಯು 1562ರಲ್ಲಿ ಈ ಆಚರಣೆಯನ್ನು ಎತ್ತಿಹಿಡಿಯಿತು.

ಕನ್ನಡದ ಜನಪದರು ನೀರಿನ ಬೆಲೆಯನ್ನು ಇನ್ನೂ ಕಠೋರವಾಗಿ ಹೇಳಿದ್ದಾರೆ. 'ಕೆರೆಗೆ ಹಾರ' ಕಥನಗೀತೆಯಲ್ಲಿ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಆಹುತಿ ಕೊಟ್ಟ ಮೇಲೆ ಕೆರೆ ತುಂಬಿತು. ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರಿದ. ಈ ಗೀತೆಯನ್ನು ಕ್ರಿಸ್ತರ ಬಲಿಯ ಮುನ್ನೆರಳೆಂದು ಪ್ರಬೋಧನೆಗಳಲ್ಲಿ ಬಳಸುವುದುಂಟು. ನಾವು ಇದನ್ನು ಒಪ್ಪುವುದಿಲ್ಲ. ಅಲ್ಲಿ ಊರಿನ ದಾಹದ ಬೆಲೆಯನ್ನು ಮನೆಯ ಅತ್ಯಂತ ಕಿರಿಯಳ ಮೇಲೆ ಹಿರಿಯರು ಹೊರಿಸಿದರು. ಆಕೆ ಬೇರೆ ದಾರಿಯಿಲ್ಲದೆ ನಡೆದಳು. ಯೊವಾನ್ನರ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ ಪಕ್ಕೆಯಿಂದ ರಕ್ತವೂ ನೀರೂ ಹರಿಯುವುದು ಸ್ವತಃ ದಾಹಗೊಂಡವರಿಂದ, ತಮ್ಮ ಪ್ರಾಣವನ್ನು ತಾವೇ ಒಪ್ಪಿಸಿದವರಿಂದ. ಸಿಖಾರಿನ ಬಾವಿಯ ಬಳಿ ಸಮಾರ್ಯದ ಹೆಂಗಸಿನಿಂದ ಅವರು ಕೇಳಿದ್ದೂ ನೀರನ್ನೇ. ಕೊಡುವ ದೇವರು ಮೊದಲು ಕೇಳುವವರಾಗಿ ಬಂದರು. ಭಾಗೀರಥಿಯ ಕಥೆಯನ್ನು ಪ್ರಬೋಧನೆಯಲ್ಲಿ ಹೇಳುವುದಾದರೆ, ಅಭಿವೃದ್ಧಿಯ ಕೆರೆಗೆ ಇಂದು ನಾವು ಯಾರನ್ನು ಹಾರವಾಗಿ ಕಳಿಸುತ್ತಿದ್ದೇವೆ ಎಂದು ಕೇಳಲು ಹೇಳಬಹುದು.

ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸಿ' ವಿಶ್ವಪತ್ರದ 30ನೆಯ ಪರಿಚ್ಛೇದದಲ್ಲಿ ಸುರಕ್ಷಿತ ಕುಡಿಯುವ ನೀರು ಮೂಲಭೂತ, ಸಾರ್ವತ್ರಿಕ ಮಾನವ ಹಕ್ಕೆಂದು ಸಾರಿ, ಅದನ್ನು ಮಾರುಕಟ್ಟೆಯ ಸರಕಾಗಿಸುವ ಪ್ರವೃತ್ತಿಯನ್ನು ಎಚ್ಚರಿಸಿದರು. ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈನಲ್ಲೇ ಈ ಹಕ್ಕನ್ನು ಮಾನ್ಯಮಾಡಿತ್ತು. ಇದನ್ನು ನಮ್ಮ ಗುರುಮಠಗಳಲ್ಲಿ ಸಾಮಾಜಿಕ ಬೋಧನೆಯ ತರಗತಿಗೆ ಒಪ್ಪಿಸಿ ಸಂಸ್ಕಾರಗಳ ತರಗತಿ ಕೈತೊಳೆದುಕೊಳ್ಳುತ್ತದೆ. ನಮ್ಮ ವಾದ ಬೇರೆ. ಅಕ್ವಿನಾಸರು ಹೇಳಿದಂತೆ ಸುಲಭವಾಗಿ ದೊರೆಯುವುದು ಈ ದ್ರವ್ಯದ ಔಚಿತ್ಯದ ಒಂದು ಅಂಶವಾದರೆ, ಆ ಸೌಲಭ್ಯವನ್ನು ಕಸಿಯುವುದು ಸಂಸ್ಕಾರದ ಸಂಕೇತವನ್ನೇ ಗಾಯಗೊಳಿಸುವುದು. ಪರಮಪ್ರಸಾದದ ರೊಟ್ಟಿಯಲ್ಲಿ ಗೋಧಿಯಲ್ಲದೆ ಬೇರೇನೂ ಬೆರೆಯದಂತೆ ನಾವು ಎಷ್ಟು ಜಾಗರೂಕರು! ಬೀದಿನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂದು ವಿಚಾರಿಸುವುದೂ ಅದೇ ಜಾಗರೂಕತೆಯ ಭಾಗವೆಂದು ನಮಗೆ ತೋರುತ್ತದೆ. 2024ರ ಅಕ್ಟೋಬರಿನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ತರುವ ಕಾವೇರಿ ಐದನೆಯ ಹಂತ ಉದ್ಘಾಟನೆಗೊಂಡು ಹೊರವಲಯದ 110 ಹಳ್ಳಿಗಳಿಗೆ ಭರವಸೆ ತಂದದ್ದನ್ನು ಸಂತೋಷದಿಂದ ನೆನೆಯಬೇಕು.

ಯೆಜೆಕಿಯೇಲನ ನದಿ ಮತ್ತು ವೃಷಭಾವತಿ

ಮೂಡಲಪಾಳ್ಯದಿಂದ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ನಾಯಂಡಹಳ್ಳಿಯ ಬಳಿ ವೃಷಭಾವತಿ ಸಿಗುತ್ತದೆ. ಕಾಣುವ ಮೊದಲೇ ಮೂಗಿಗೆ ತಿಳಿಯುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಜನ ನಂಬುವ ಈ ಹೊಳೆ ಮೈಸೂರು ರಸ್ತೆಯ ಬದಿಯಲ್ಲಿ ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು, ಕೆಂಗೇರಿಯನ್ನು ದಾಟಿ, ಬಿಡದಿ ಸಮೀಪದ ಬೈರಮಂಗಲದ ಕೆರೆಗೆ ಬೀಳುತ್ತದೆ. ಮುಂದೆ ಅರ್ಕಾವತಿಯನ್ನು ಸೇರುತ್ತದೆ; ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು. ನಾವು ಕಾವೇರಿಯಿಂದ ಮೇಲೆತ್ತಿ ತಂದದ್ದನ್ನು ಕಾವೇರಿಗೇ ಹೀಗೆ ಹಿಂದಿರುಗಿಸುತ್ತೇವೆ.

ಯೆಜೆಕಿಯೇಲನ 47ನೆಯ ಅಧ್ಯಾಯವನ್ನು ಈ ದಂಡೆಯ ಮೇಲೆ ನಿಂತು ಓದಬೇಕು. ಅಲ್ಲಿಯೂ ನೀರು ದೇವಾಲಯದ ಹೊಸ್ತಿಲಿನಿಂದ ಹುಟ್ಟುತ್ತದೆ. ಸಾವಿರ ಮೊಳಕ್ಕೊಮ್ಮೆ ಅಳೆದರೆ ಹರಡು, ಮೊಣಕಾಲು, ಸೊಂಟ, ಕೊನೆಗೆ ಈಜಿಯೇ ದಾಟಬೇಕಾದ ಪ್ರವಾಹ. ಹರಿದಷ್ಟೂ ಅದು ಶುದ್ಧವಾಗುತ್ತದೆ. ಉಪ್ಪು ಸಮುದ್ರವೂ ಸಿಹಿಯಾಗುತ್ತದೆ, ಮೀನುಗಳು ಬದುಕುತ್ತವೆ, ದಡದ ಮರಗಳ ಎಲೆ ಔಷಧಿಯಾಗುತ್ತದೆ. ವೃಷಭಾವತಿಯ ಕಥೆ ಇದರ ತಲೆಕೆಳಗು. ಪಾಸ್ಖಕಾಲದ ಪ್ರೋಕ್ಷಣೆಯಲ್ಲಿ ಹಾಡುವ ಹಳೆಯ ಲತೀನ್ ಪಲ್ಲವಿ 'ವೀದೀ ಆಕ್ವಾಮ್' ಪ್ರವಾದಿಯ ಈ ದರ್ಶನದಿಂದಲೇ ಬಂದದ್ದು. ಅದನ್ನು ಹಾಡುವ ನಮ್ಮ ದೇವಾಲಯಗಳ ಹೊಸ್ತಿಲಿನಿಂದ ಹೊರಡುವ ನೀರು ಯಾವ ಚರಂಡಿಗೆ ಸೇರುತ್ತದೆ ಎಂದು ನಾವು ಎಂದಾದರೂ ನೋಡಿದ್ದೇವೆಯೇ?

ಒಮ್ಮೆ ಗುರು ಅಭ್ಯರ್ಥಿಯೊಬ್ಬ ತುಂಟತನದಿಂದ, ವೃಷಭಾವತಿಯ ನೀರಿನಲ್ಲಿ ಕೊಟ್ಟ ದೀಕ್ಷಾಸ್ನಾನ ಸಿಂಧುವೇ ಎಂದು ಕೇಳಿದ. ತರಗತಿ ನಕ್ಕಿತು. ಪ್ರಶ್ನೆ ಮಾತ್ರ ಒಳ್ಳೆಯದು. ಬೆರಕೆಯಾದರೂ ನೀರಿನ ಸ್ವಭಾವ ಅಳಿಯದಿರುವವರೆಗೆ ಅದು ನೀರೇ. ಕೆಸರು ಮಾತ್ರ ನೀರಿಗಿಂತ ಮಣ್ಣೇ ಆಗಿರುತ್ತದೆ ಎಂಬುದು ಅಕ್ವಿನಾಸರ ತೀರ್ಮಾನ. ಆದರೆ ಕ್ರೈಸ್ತ ದೀಕ್ಷಾವಿಧಿಯ ಸಾಮಾನ್ಯ ಪೀಠಿಕೆಯ 18ನೆಯ ಕ್ರಮಾಂಕವು ಸಂಕೇತದ ಸತ್ಯಕ್ಕಾಗಿಯೂ ಆರೋಗ್ಯಕ್ಕಾಗಿಯೂ ನೀರು ಶುಚಿಯಾಗಿರಬೇಕೆಂದು ವಿಧಿಸುತ್ತದೆ. ಹಾಗಾಗಿ ನಮ್ಮ ಉತ್ತರ ಹೀಗಿತ್ತು: ಸಾಯುತ್ತಿರುವ ಶಿಶುವಿನ ಮುಂದೆ ಬೇರೆ ನೀರಿಲ್ಲದಿದ್ದರೆ ಅದು ನೀರಾಗಿರುವವರೆಗೆ ಸಿಂಧು, ಆ ಶಿಶು ಅಂಥ ನೀರಿನ ದಡದಲ್ಲಿ ಹುಟ್ಟಬೇಕಾಗಿ ಬಂದದ್ದಕ್ಕೆ ನಾವೆಲ್ಲರೂ ಪಾಪನಿವೇದನೆ ಮಾಡಬೇಕು.

ನೀರಿಗೆ ಇನ್ನೊಂದು ಮುಖವಿದೆ. ರಾಜಕಾಲುವೆ ಉಕ್ಕಿ ತಗ್ಗಿನ ಮನೆಗಳಿಗೆ ನುಗ್ಗಿದ ರಾತ್ರಿಗಳನ್ನು ಬಲ್ಲವರಿಗೆ ಜಲಪ್ರಳಯದ ಪಾಠ ದೂರದ್ದಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ (1220) ಬುಗ್ಗೆಯ ನೀರನ್ನು ಜೀವದ, ಸಮುದ್ರದ ನೀರನ್ನು ಮರಣದ ಸಂಕೇತವೆಂದು ಬಗೆದು, ಈ ಎರಡನೆಯದರಿಂದಲೇ ಅದು ಶಿಲುಬೆಯ ರಹಸ್ಯವನ್ನು ಸೂಚಿಸಬಲ್ಲದೆನ್ನುತ್ತದೆ. ದೀಕ್ಷಾಸ್ನಾನದಲ್ಲಿ ನಾವು ಕ್ರಿಸ್ತರೊಡನೆ ಹೂಳಲ್ಪಡುತ್ತೇವೆಂದು ಪೌಲನು ರೋಮಿನವರಿಗೆ ಬರೆದದ್ದು ಇದನ್ನೇ.

ಕೆಲವು ಆಚರಣೆಯ ಮಾತುಗಳು

ಪವಿತ್ರ ಜಲವು ಉಪಸಂಸ್ಕಾರ. ಅದು ಸಂಸ್ಕಾರದಂತೆ ತಾನಾಗಿ ಕೃಪೆಯನ್ನು ಕೊಡುವುದಿಲ್ಲ. ಸಭೆಯ ಪ್ರಾರ್ಥನೆಯ ಮೂಲಕ ಕೃಪೆಗೆ ನಮ್ಮನ್ನು ಅಣಿಗೊಳಿಸುತ್ತದೆ. ಅಂಗಡಿಯ ಷಟರಿಗೂ ಹೊಸ ಸ್ಕೂಟರಿಗೂ ಅದನ್ನು ಚಿಮುಕಿಸಲು ಕೇಳುವ ಜನರನ್ನು ನೋಡಿ ಮೂಗು ಮುರಿಯುವ ಅಗತ್ಯವಿಲ್ಲ, ದುಡಿಮೆಯೂ ಆಶೀರ್ವಾದಕ್ಕೆ ಯೋಗ್ಯವೇ. ಆದರೆ ಸಣ್ಣ ಬಾಟಲಿಯನ್ನು ತಾಯಿತದಂತೆ ಕಟ್ಟಿಕೊಳ್ಳುವವರಿಗೆ ದೀಕ್ಷಾಸ್ನಾನದ ವಾಗ್ದಾನಗಳನ್ನು ಜೊತೆಯಲ್ಲೇ ನೆನಪಿಸಬೇಕು. ಲೂರ್ದಿನಲ್ಲಿ 1858ರ ಫೆಬ್ರವರಿ 25ರಂದು ಬೆರ್ನದೆತ್ ಕೈಯಿಂದ ತೋಡಿದಾಗ ಮೊದಲು ಬಂದದ್ದು ಕೆಸರು ಎಂಬುದನ್ನೂ ಹೇಳಬಹುದು.

ಭಾನುವಾರದ ಪ್ರೋಕ್ಷಣೆಯ ವಿಧಿಯನ್ನು ಪಾಸ್ಖಕಾಲದಲ್ಲಾದರೂ ಬಿಡಬಾರದು. ದೀಕ್ಷಾಸ್ನಾನವನ್ನು ಕೊಡುವಾಗ ನೀರು ಹರಿಯುವುದು ಜನರಿಗೆ ಕಾಣಬೇಕು, ಕೇಳಿಸಬೇಕು. ಉಳಿದ ಆಶೀರ್ವದಿತ ನೀರು ಚರಂಡಿಗೆ ಹೋಗದೆ ಮಣ್ಣಿಗೆ ಹೋಗಲಿ. ದೇವಾಲಯದ ಛಾವಣಿಯ ಮಳೆನೀರನ್ನು ಇಂಗಿಸುವ ಗುಂಡಿಯನ್ನು ಧರ್ಮಕೇಂದ್ರದ ಹಬ್ಬದ ಖರ್ಚಿನಲ್ಲೇ ಮಾಡಿಸಬಹುದು. ಬೇಸಿಗೆಯಲ್ಲಿ ದೇವಾಲಯದ ಗೇಟಿನ ಹೊರಗೆ ಅರವಟ್ಟಿಗೆ ಇಡುವುದು ಈ ನಾಡಿನ ಹಳೆಯ ಪುಣ್ಯಕಾರ್ಯ; ಒಂದು ಬಟ್ಟಲು ತಣ್ಣೀರಿಗೆ ಪ್ರತಿಫಲವನ್ನು ಹೇಳಿದ ಪ್ರಭುವಿನ ಶಿಷ್ಯರು ಅದನ್ನು ಇತರರಿಗೆ ಬಿಟ್ಟುಕೊಟ್ಟದ್ದು ಏಕೋ ತಿಳಿಯದು. ಮಣ್ಣಿನ ಎರಡು ಹರವಿ, ಒಂದು ಲೋಟ, ದಿನಕ್ಕೊಬ್ಬ ಯುವಕ ಸಾಕು.

ನೀರನ್ನು ಆಶೀರ್ವದಿಸುವಾಗ ವಾಡಿಕೆಯಿದ್ದಲ್ಲಿ ಉಪ್ಪನ್ನು ಬೆರೆಸಲು ರೋಮನ್ ಪೂಜಾಗ್ರಂಥ ಅವಕಾಶ ಕೊಡುತ್ತದೆ. ಅಲ್ಲಿ ಸ್ಮರಿಸಲ್ಪಡುವವನು ಎಲೀಷ. ಜೆರಿಕೋ ಪಟ್ಟಣದವರು ಅವನ ಬಳಿ ಬಂದು, ಊರು ಚೆನ್ನಾಗಿದೆ, ಆದರೆ ನೀರು ಕೆಟ್ಟಿದೆ ಎಂದು ದೂರಿಕೊಂಡರು. ಅವನು ಹೊಸ ಪಾತ್ರೆಯಲ್ಲಿ ಉಪ್ಪು ತರಿಸಿ ಊಟೆಯ ಬಳಿಗೇ ಹೋಗಿ ಅದರಲ್ಲಿ ಹಾಕಿದ (2 ಅರಸುಗಳು 2). ಪ್ರವಾದಿ ಮನೆಮನೆಯ ಕೊಡಗಳಿಗೆ ಉಪ್ಪು ಹಂಚಲಿಲ್ಲ, ನೀರು ಹುಟ್ಟುವ ಜಾಗಕ್ಕೆ ಹೋದ ಎಂಬುದನ್ನು ಗಮನಿಸಬೇಕು.

ಇತ್ತೀಚೆಗೆ ಮೂಡಲಪಾಳ್ಯದ ಅದೇ ಬೀದಿಯ ಇನ್ನೊಂದು ಮನೆಗೆ ಆಶೀರ್ವಾದಕ್ಕೆ ಹೋಗಿದ್ದೆವು. ನೀರು ಕೇಳಿದಾಗ ಈ ಸಲ ನಾವೇ ಮುಂದಾಗಿ, "ಮಕ್ಕಳು ಕುಡಿಯೋದು ಯಾವುದೋ ಅದರಲ್ಲಿ ಒಂದು ಲೋಟ, ಪಾತ್ರೆ ತೊಳೆಯೋದು ಯಾವುದೋ ಅದರಲ್ಲಿ ಒಂದು ಲೋಟ, ಎರಡನ್ನೂ ತನ್ನಿ" ಎಂದೆವು. ಮನೆಯ ಹುಡುಗ ಎರಡನ್ನೂ ಒಂದೇ ಚೊಂಬಿಗೆ ಸುರಿದು ತಂದ. ಉಪ್ಪು ಬೇಕಾ ಎಂದು ಅವನ ಅಜ್ಜಿ ಒಳಗಿನಿಂದ ಕೇಳಿದರು. ಬೇಕು ಎಂದೆವು.